ನಮ್ಮ ಲ್ಯಾಬಿನಲ್ಲೇ ಹಿಸ್ಟೋನ್ ಮಾಡಿಕೊಳ್ಳುವುದು: ನನ್ನ ಅನುಭವ

ಹಿಸ್ಟೋನ್ ಅಂದರೆ ಜೀವಕೋಶದಲ್ಲಿ ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್. ಅದರ ಒಂದು ಬಗೆಯಾದ ಎಚ್3ಗೆ ಮೀಥೈಲ್ ಗುಂಪು ಸೇರಿಸುವ ಕಿಣ್ವಗಳ ಮೇಲೆ ನನ್ನ ಕೆಲಸ. ಈ ಕೆಲಸಕ್ಕೆ ಯಾವ ಗುರುತೂ (ಮೀಥೈಲ್‌ನಂಥ ಸಣ್ಣ ರಾಸಾಯನಿಕ ಗುಂಪು) ಇನ್ನೂ ಬೀಳದ ಹಿಸ್ಟೋನ್ ಬೇಕು. ಕರುವಿನ ಥೈಮಸ್‌ನಿಂದ ತೆಗೆದ ಹಿಸ್ಟೋನ್ ಇದಕ್ಕೆ ಆಗುವುದಿಲ್ಲ, ಅದರ ಮೇಲೆ ಮೀಥೈಲ್, ಅಸಿಟೈಲ್ ಎಲ್ಲ ಆಗಲೇ ಕೂತಿರುತ್ತವೆ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಹಿಸ್ಟೋನೂ ಇಲ್ಲ, ಅದಕ್ಕೆ ಗುರುತು ಹಾಕುವ ಕಿಣ್ವಗಳೂ ಇಲ್ಲ. ಹಾಗಾಗಿ ಮನುಷ್ಯರ ಹಿಸ್ಟೋನ್ ಜೀನನ್ನು ಅದರೊಳಗೆ ಇಟ್ಟರೆ ಗುರುತಿಲ್ಲದ ಪ್ರೋಟೀನ್ ಸಿಗುತ್ತದೆ. ಕೊಂಡರೆ ಬರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ, ನಮಗೆ ಬೇಕಿದ್ದದ್ದು ಮಿಲಿಗ್ರಾಂ.

ನಾನು ಹಿಡಿದದ್ದು ಹಳೆಯ ದಾರಿಯನ್ನೇ. 1997ರಲ್ಲಿ ನ್ಯೂಕ್ಲಿಯೊಸೋಮ್‌ನ (ಎಂಟು ಹಿಸ್ಟೋನ್‌ಗಳಿಗೆ ಡಿಎನ್‌ಎ ಸುತ್ತಿದ ಉಂಡೆ) ರಚನೆಯನ್ನು 2.8 ಆಂಗ್‌ಸ್ಟ್ರಾಂ ಸೂಕ್ಷ್ಮತೆಯಲ್ಲಿ ಕೊಟ್ಟ ಕ್ಯಾರೊಲಿನ್ ಲೂಗರ್, ಟಿಮೊಥಿ ರಿಚ್‌ಮಂಡ್ ತಂಡ ಕೂಡ ಕಪ್ಪೆಯ ಹಿಸ್ಟೋನ್‌ಗಳನ್ನು ಇ. ಕೋಲಿಯಲ್ಲೇ ಬೆಳೆಸಿತ್ತು. ಎಚ್2ಎ, ಎಚ್2ಬಿ, ಎಚ್3, ಎಚ್4 ನಾಲ್ಕನ್ನೂ ಬೇರೆ ಬೇರೆ ಕಲ್ಚರ್‌ಗಳಲ್ಲಿ ಬೆಳೆಸಬೇಕು. ಹಿಸ್ಟೋನ್ ತುಂಬ ಆರ್ಜಿನೈನ್ ಎಂಬ ಅಮೈನೊ ಆಮ್ಲ ಇರುವುದರಿಂದ, ಜೀನಿನಲ್ಲಿ ಅದನ್ನು ಸೂಚಿಸುವ ಎಜಿಎ, ಎಜಿಜಿ ಎಂಬ ಮೂರಕ್ಷರದ ಕೋಡಾನ್‌ಗಳು ಬಂದಲ್ಲಿ ಸಾಧಾರಣ ಬ್ಯಾಕ್ಟೀರಿಯಾ ತಡವರಿಸುತ್ತದೆ. ಅದಕ್ಕೇ ಅವನ್ನೂ ಸಲೀಸಾಗಿ ಓದಬಲ್ಲ ರೊಸೆಟ್ಟಾ ತಳಿ, ಇಲ್ಲವೇ ಕೋಡಾನ್ ಬದಲಾಯಿಸಿ ಬರೆಸಿದ ಜೀನ್. ಐಪಿಟಿಜಿ (ಜೀನನ್ನು ಚಾಲೂ ಮಾಡುವ ರಾಸಾಯನಿಕ) ಹಾಕಿದ ಮೇಲೆ ಎರಡು-ಮೂರು ಗಂಟೆ ಸಾಕು. ರಾತ್ರಿಯಿಡೀ ಬಿಡಬೇಡಿ, ಅದರಲ್ಲೂ ಎಚ್4 ಇದ್ದರೆ ಜೀವಕೋಶಗಳು ಸೊರಗುತ್ತವೆ.

ಪ್ರೋಟೀನ್ ಬರುವುದು ಕರಗದ ಗಂಟುಗಳಾಗಿ, ಅಂದರೆ ಇನ್‌ಕ್ಲೂಷನ್ ಬಾಡಿಗಳಾಗಿ. ಬೇರೆ ಪ್ರೋಟೀನ್ ಮಾಡುವವರಿಗೆ ಇದು ತಲೆನೋವು, ನಮಗೆ ಮಾತ್ರ ಅನುಕೂಲ. ಹೇಗಿದ್ದರೂ ಹಿಸ್ಟೋನನ್ನು ಪೂರ್ತಿ ಬಿಚ್ಚಿಯೇ ಮತ್ತೆ ಮಡಚಬೇಕು, ಅಲ್ವಾ? ಸೋನಿಕೇಟ್ ಮಾಡಿ (ಶಬ್ದದ ಅಲೆಗಳಿಂದ ಜೀವಕೋಶ ಒಡೆದು), ಟ್ರೈಟಾನ್ (ಸೋಪಿನಂಥ ವಸ್ತು) ಇರುವ ಬಫರ್‌ನಲ್ಲಿ ತೊಳೆದು, ಆಮೇಲೆ ಟ್ರೈಟಾನ್ ಇಲ್ಲದ ಬಫರ್‌ನಲ್ಲಿ ಮತ್ತೆ ತೊಳೆದು, ಪೆಲೆಟ್ಟನ್ನು ಸ್ವಲ್ಪ ಡಿಎಂಎಸ್‌ಒನಲ್ಲಿ ನೆನೆಸಿ, ಪ್ರೋಟೀನನ್ನು ಬಿಚ್ಚುವ ಗ್ವಾನಿಡೀನ್‌ನಲ್ಲಿ ಕರಗಿಸಬೇಕು. ಅಲ್ಲಿಂದ ಯೂರಿಯಾ ಬಫರ್‌ಗೆ ಡಯಾಲಿಸಿಸ್, ಆಮೇಲೆ ಕಾಲಮ್. ಋಣ ಆವೇಶದ್ದನ್ನು ಹಿಡಿಯುವ ಕ್ಯೂ ಕಾಲಮ್ ಮುಂದೆ, ಧನ ಆವೇಶದ್ದನ್ನು ಹಿಡಿಯುವ ಎಸ್‌ಪಿ ಕಾಲಮ್ ಹಿಂದೆ ಜೋಡಿಸುತ್ತೇನೆ. ಡಿಎನ್‌ಎ ಮೊದಲನೆಯದರಲ್ಲೇ ನಿಲ್ಲುತ್ತದೆ, ಹಿಸ್ಟೋನ್ ದಾಟಿ ಎರಡನೆಯದಕ್ಕೆ ಅಂಟುತ್ತದೆ.

ಈಗ ಯೂರಿಯಾ ವಿಷಯ. ಹೊಸಬರಿಗೆ ನಾನು ಜಾಸ್ತಿ ಒತ್ತಿ ಹೇಳುವುದು ಇದನ್ನೇ. ಯೂರಿಯಾ ದ್ರಾವಣ ಸುಮ್ನೆ ಇಟ್ಟರೂ ನಿಧಾನವಾಗಿ ಸಯನೇಟ್ ಹುಟ್ಟುತ್ತದೆ, ಬಿಸಿ ಮಾಡಿದರೆ ಇನ್ನೂ ಬೇಗ. ಈ ಸಯನೇಟ್ ಹೋಗಿ ಕೂರುವುದು ಹಿಸ್ಟೋನ್‌ನ ಲೈಸಿನ್ ಎಂಬ ಅಮೈನೊ ಆಮ್ಲದ ಮೇಲೆ. ನನ್ನ ಕಿಣ್ವಕ್ಕೆ ಬೇಕಾದದ್ದೂ ಅದೇ ಲೈಸಿನ್! ಜೆಲ್‌ನಲ್ಲಿ ಬ್ಯಾಂಡ್ ಚೆನ್ನಾಗಿಯೇ ಕಾಣುತ್ತದೆ, ಏನೂ ಗೊತ್ತಾಗುವುದಿಲ್ಲ. ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್‌ನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ: ಎಚ್4 ಸರಿಯಾಗಿದ್ದರೆ 11,236 ಡಾಲ್ಟನ್, ಒಂದು ಸಯನೇಟ್ ಅಂಟಿದ್ದರೆ ಅದಕ್ಕೆ 43 ಜಾಸ್ತಿ. (ಮೊದಲ ಮೆಥಿಯೊನಿನ್ ಬಿಟ್ಟ ಲೆಕ್ಕ ಇದು. ಅದನ್ನು ಬ್ಯಾಕ್ಟೀರಿಯಾವೇ ಕತ್ತರಿಸಿಬಿಡುತ್ತದೆ.) ಹಾಗಾಗಿ ಯೂರಿಯಾ ಅವತ್ತಿನದ್ದು ಅವತ್ತೇ ಕರಗಿಸಬೇಕು, ಅಯಾನು ಹೀರುವ ರೆಸಿನ್ ಹಾಕಿ ಶೋಧಿಸಬೇಕು, ಕರಗಲಿಲ್ಲ ಅಂತ ಬಿಸಿ ಮಾಡಬಾರದು. ಬಫರ್‌ನಲ್ಲಿ ಟ್ರಿಸ್ ಇದ್ದರೆ ಅದೂ ಒಂದಿಷ್ಟು ಸಯನೇಟನ್ನು ಹಿಡಿದುಕೊಳ್ಳುತ್ತದೆ. ಮಾಸ್ ಸ್ಪೆಕ್ ನೋಡದ ಹಿಸ್ಟೋನನ್ನು ನಾನು ಮುಂದಿನ ಹಂತಕ್ಕೆ ಒಯ್ಯುವುದೇ ಇಲ್ಲ.

ಎಷ್ಟು ಪ್ರೋಟೀನ್ ಬಂದಿದೆ ಎಂಬ ಅಳತೆಯೂ ಅಷ್ಟೇ ಮುಖ್ಯ. ಈ ನಾಲ್ಕು ಹಿಸ್ಟೋನ್‌ಗಳಲ್ಲಿ ಒಂದರಲ್ಲೂ ಟ್ರಿಪ್ಟೊಫ್ಯಾನ್ ಇಲ್ಲ. ಯುವಿ ಬೆಳಕು ಹೀರಲು ಇರುವುದು ಬರೀ ಟೈರೊಸಿನ್, ಎಚ್3ಯಲ್ಲಿ ಮೂರು, ಎಚ್4ನಲ್ಲಿ ನಾಲ್ಕು. ಸ್ವಲ್ಪ ಡಿಎನ್‌ಎ ಉಳಿದಿದ್ದರೂ ಓದಿದ ಅಂಕಿ ಕೆಡುತ್ತದೆ, ಡಿಎನ್‌ಎ ಹೀರುವ 260 ನ್ಯಾನೊಮೀಟರ್ ಬೆಳಕಿನಲ್ಲೂ ಒಮ್ಮೆ ನೋಡಿಬಿಡಿ. ಬ್ರಾಡ್‌ಫರ್ಡ್ (ಬಣ್ಣ ಹಾಕಿ ಪ್ರೋಟೀನ್ ಅಳೆಯುವ ಪರೀಕ್ಷೆ) ನಂಬಬೇಡಿ, ಅದರ ಬಣ್ಣ ಆರ್ಜಿನೈನ್‌ಗೆ ಅಂಟಿಕೊಳ್ಳುವುದರಿಂದ ಹಿಸ್ಟೋನ್‌ಗೆ ಸರಿಯಾದ ಲೆಕ್ಕ ಕೊಡುವುದಿಲ್ಲ. ನಾನು ಗ್ವಾನಿಡೀನ್‌ನಲ್ಲಿ ಕರಗಿಸಿ ಯುವಿ ಓದಿ, ಆಮೇಲೆ ನಾಲ್ಕನ್ನೂ 18 ಶೇಕಡಾ ಜೆಲ್‌ನಲ್ಲಿ ಅಕ್ಕಪಕ್ಕ ಓಡಿಸಿ ಹೋಲಿಸುತ್ತೇನೆ.

ಆಕ್ಟಮರ್ (ನಾಲ್ಕೂ ಹಿಸ್ಟೋನ್‌ಗಳು ಎರಡೆರಡು ಸೇರಿದ ಎಂಟರ ಗುಂಪು) ಕಟ್ಟುವಾಗ ಎಚ್2ಎ, ಎಚ್2ಬಿಗಳನ್ನು ಶೇಕಡಾ 10ರಿಂದ 20ರಷ್ಟು ಹೆಚ್ಚೇ ಹಾಕುತ್ತೇನೆ. ಎಚ್3-ಎಚ್4 ಟೆಟ್ರಾಮರ್ (ನಾಲ್ಕರ ಗುಂಪು) ಉಳಿದುಬಿಟ್ಟರೆ ಗಾತ್ರದ ಮೇಲೆ ಬೇರ್ಪಡಿಸುವ ಕಾಲಮ್‌ನಲ್ಲಿ ಆಕ್ಟಮರ್ ಪಕ್ಕಕ್ಕೇ ಬಂದು ಬೇರ್ಪಡಿಸಲು ಕಾಟ ಕೊಡುತ್ತದೆ. ಎಚ್2ಎ-ಎಚ್2ಬಿ ಡೈಮರ್ (ಜೋಡಿ) ಉಳಿದರೆ ತೊಂದರೆಯಿಲ್ಲ, ಅದು ದೂರದಲ್ಲಿ ಹೊರಬೀಳುತ್ತದೆ. ಬಫರ್‌ನಲ್ಲಿ 2 ಮೋಲಾರ್ ಉಪ್ಪು ಇರಲೇಬೇಕು. ಡಿಎನ್‌ಎ ಇಲ್ಲದೆ ಉಪ್ಪು ಇಳಿಸಿದರೆ ಆಕ್ಟಮರ್ ಬಿಚ್ಚಿಕೊಳ್ಳುತ್ತದೆ. ಎಚ್3.1ರಲ್ಲಿ ಎರಡು ಸಿಸ್ಟೀನ್ ಇವೆ, 96 ಮತ್ತು 110ನೇ ಜಾಗದಲ್ಲಿ, ಅವು ಒಂದಕ್ಕೊಂದು ಅಂಟಿಕೊಳ್ಳದಂತೆ ಮರ್ಕಾಪ್ಟೊಎಥನಾಲ್ ಹೊಸದಾಗಿ ಹಾಕಬೇಕು. ಸೂಪರ್‌ಡೆಕ್ಸ್ 200 ಎಂಬ ಈ ಕಾಲಮ್‌ನಿಂದ ಬಂದ ಆಕ್ಟಮರ್ ಫ್ರಾಕ್ಷನ್‌ಗಳನ್ನೂ ಜೆಲ್‌ನಲ್ಲಿ ನೋಡಿ, ನಾಲ್ಕು ಬ್ಯಾಂಡ್‌ಗಳೂ ಹೊಂದಿಕೊಂಡಿರುವವನ್ನು ಮಾತ್ರ ಒಟ್ಟುಗೂಡಿಸುತ್ತೇನೆ.

ಕೊನೆಗೆ ಹಿಸ್ಟೋನ್‌ಗೆ ಬಿಗಿಯಾಗಿ ಸುತ್ತಿಕೊಳ್ಳುವ, 147 ಬೇಸ್ ಜೋಡಿಯ ವಿಡಮ್ 601 ಎಂಬ ಡಿಎನ್‌ಎ ಜೊತೆ ಸೇರಿಸಿ, ಉಪ್ಪನ್ನು 2 ಮೋಲಾರ್‌ನಿಂದ ನಿಧಾನವಾಗಿ ಇಳಿಸಬೇಕು. ಮೊದಲು ಚಿಕ್ಕ ಪ್ರಮಾಣದಲ್ಲಿ ನಾಲ್ಕೈದು ಹಿಸ್ಟೋನ್-ಡಿಎನ್‌ಎ ಅನುಪಾತ ಹಾಕಿ ನೇಟಿವ್ ಜೆಲ್ (ಕಣವನ್ನು ಬಿಚ್ಚದೆ ಓಡಿಸುವ ಜೆಲ್) ಓಡಿಸಿ. ಬಿಡಿ ಡಿಎನ್‌ಎ ತುಸು ಮಾತ್ರ ಉಳಿದಿರುವ ಅನುಪಾತವನ್ನು ದೊಡ್ಡ ತಯಾರಿಗೆ ಇಟ್ಟುಕೊಳ್ಳಿ. ಹಿಸ್ಟೋನ್ ಜಾಸ್ತಿಯಾದರೆ ಮಾದರಿ ಹಾಕುವ ಜೆಲ್ ಗುಳಿಯಲ್ಲೇ ಗಂಟು ಕಟ್ಟಿ ನಿಲ್ಲುತ್ತದೆ. ತಯಾರಾದ ನ್ಯೂಕ್ಲಿಯೊಸೋಮನ್ನು ನಾನು ಫ್ರೀಜ್ ಮಾಡುವುದಿಲ್ಲ, 4 ಡಿಗ್ರಿಯಲ್ಲಿಟ್ಟು ಬೇಗ ಬಳಸಿ ಮುಗಿಸುತ್ತೇನೆ. ಒಣಗಿಸಿದ ಬಿಡಿ ಹಿಸ್ಟೋನ್ ಮಾತ್ರ ಮೈನಸ್ 80ರಲ್ಲಿ ಮುಂದಿನ ಸಲಕ್ಕೆ ಇರುತ್ತದೆ.