ಜೌಗು ಗದ್ದೆಯಲ್ಲಿ ಬಜೆ ಬೆಳೆದೆ: ನನ್ನ ಅನುಭವ

ಕೆರೆ ಏರಿಯ ಹಿಂದಿರುವ ನಮ್ಮ ಅರ್ಧ ಎಕರೆ ವರ್ಷವಿಡೀ ಜೌಗು. ಭತ್ತ ಹಾಕಿದರೆ ಪೈರು ಮಲಗುತ್ತಿತ್ತು, ಕೊಯ್ಲಿನ ಯಂತ್ರ ಇಳಿಸಿದರೆ ಹೂತುಹೋಗುತ್ತಿತ್ತು. ಅಲ್ಲಿ ಬಜೆ ಹಾಕುತ್ತೇನೆ ಅಂದಾಗ ಮನೆಯಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. 'ಕೂಸಿರೋ ಮನೆಗೆ ಒಂದು ತುಂಡು ಸಾಕು, ಮೂಟೆಗಟ್ಟಲೆ ಯಾರಿಗೋ ಮಾರ್ತೀಯ?' ಅಂದರು ದೊಡ್ಡಪ್ಪ. ಕೊರಟಗೆರೆ ಕಡೆ ಗದ್ದೆಯಲ್ಲೇ ಬೆಳೆಯುತ್ತಾರೆ ಅಂದರೂ ನಂಬಲಿಲ್ಲ. ಈ ಸಲ ಒಣ ಬಜೆ ಹೆಚ್ಚುಕಡಿಮೆ 12 ಕ್ವಿಂಟಾಲ್ ಬಂತು. ಈಗ ಬಿತ್ತನೆ ಗೆಡ್ಡೆ ಕೇಳುತ್ತಿರುವವರು ದೊಡ್ಡಪ್ಪನೇ.

ಇಲ್ಲಿಗೆ ಬರುವಷ್ಟರಲ್ಲಿ ದುಡ್ಡು ಸಾಕಷ್ಟು ನೀರಿಗೆ ಹೋಯಿತು. ಮೊದಲ ಸಲ ತರಿಸಿದ ಗೆಡ್ಡೆ ಮೂಟೆಯೊಳಗೇ ಬಿಸಿಯೇರಿ ಕೊಳೆತು ಬಂತು. ಸಾಗಾಣಿಕೆಯೂ ಸೇರಿ 15 ಸಾವಿರದಷ್ಟು ಹೋಯಿತು, ಕೊಟ್ಟವರು ಒಂದು ಪೈಸೆ ಹಿಂತಿರುಗಿಸಲಿಲ್ಲ. ಮುಂದಿನ ಮುಂಗಾರಿಗೆ ಒಳ್ಳೆಯ ಗೆಡ್ಡೆ ಸಿಕ್ಕಿತು, ನಾಟಿಯೂ ಆಯಿತು. ಅದೇ ವಾರ ಜಡಿಮಳೆ ಹಿಡಿದು ಗದ್ದೆಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಬಜೆ ಗೆಡ್ಡೆ ಹಗುರ, ಬೇರು ಹಿಡಿಯುವ ಮುಂಚೆ ನೀರು ಏರಿದರೆ ತೇಲುತ್ತದೆ. ಬೆಳಗ್ಗೆ ನೋಡಿದರೆ ಅರ್ಧ ಬಿತ್ತನೆ ಕೆಳಗಿನ ಬದುವಿಗೆ ಬಂದು ಕೂತಿತ್ತು.

ಆಮೇಲೆ ಪದ್ಧತಿಯನ್ನೇ ಬದಲಿಸಿದೆ. ತುಂಡುಗಳನ್ನು ನೇರ ಗದ್ದೆಗೆ ಹಾಕದೆ ನೆರಳಲ್ಲಿ ಕೆಸರಿನ ಮಡಿ ಮಾಡಿ ಮೊಳಕೆ ಬರಿಸಿದೆ. ಬೆರಳುದ್ದ ಮೊಳಕೆಯೂ ನಾಲ್ಕಾರು ಬೇರೂ ಬಂದ ಮೇಲೆ ಒಂದಡಿಗೊಂದರಂತೆ, ಗೆಡ್ಡೆ ಅಡ್ಡ ಮಲಗುವ ಹಾಗೆ ಕೆಸರಿಗೆ ಒತ್ತಿದೆ. ಮೊದಲ ತಿಂಗಳು ಎರಡು ಬೆರಳು ನೀರು, ಅಷ್ಟೇ. ಏರಿ ಬದಿಗೆ ಒಂದು ಬಸಿಗಾಲುವೆ ತೋಡಿಸಿದ್ದರಿಂದ ಮಳೆ ಬಂದರೂ ನೀರು ಕೈಯಲ್ಲಿತ್ತು. ಮಡಿಯಲ್ಲಿ ಕೊಳೆ ಬಾರದ ಹಾಗೆ ಗೆಡ್ಡೆಗೆ ಏನು ಸವರಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಸ್ವಂತ ಸಂಪಾದನೆ.

ಖರ್ಚೆಲ್ಲ ಕಳೆಗೆ. ಜೊಂಡು, ಜೇಕು ಎರಡೂ ಬಜೆಯ ನಡುವೆಯೇ ಏಳುತ್ತವೆ. ಎಳೆಯ ಜೊಂಡು ದೂರದಿಂದ ಬಜೆಯಂತೆಯೇ ಕಾಣುತ್ತದೆ, ಎಲೆ ಮುರಿದು ಮೂಸಿದರೆ ಮಾತ್ರ ಗೊತ್ತಾಗುವುದು. ಕಳೆ ಕೀಳುವ ಹೆಂಗಸರಿಗೆ ಮೊದಲ ದಿನವೇ ಮೂಸಿ ತೋರಿಸಿದೆ. ಮೂರು ಸಲ ಕಳೆ ತೆಗೆಸಿದ ಮೇಲೆ ಎಲೆಯೇ ನೆಲ ಮುಚ್ಚಿತು. ರೋಗ, ಹುಳ ಅಂತ ಹೇಳುವಂಥದ್ದೇನೂ ಕಾಣಲಿಲ್ಲ. ಬದು ಹಾರಿ ಬಂದ ದನಗಳೂ ಇದನ್ನು ಬಿಟ್ಟು ಪಕ್ಕದ ಹುಲ್ಲಿಗೇ ಹೋಗುತ್ತಿದ್ದವು.

ವರ್ಷ ತುಂಬುವ ಹೊತ್ತಿಗೆ ಎಲೆ ಹಳದಿಯಾಯಿತು. ನೀರು ಬಸಿದು, ನೆಲ ಪೂರಾ ಒಣಗುವ ಮುಂಚೆ ಅಗೆಸಿದೆ. ಒಣಗಿ ಗಟ್ಟಿಯಾದರೆ ಗೆಡ್ಡೆ ತುಂಡಾಗುತ್ತದೆ, ಕೂಲಿಯೂ ಏರುತ್ತದೆ. ತೊಳೆದು, ಎರಡು ಮೂರು ಅಂಗುಲದ ತುಂಡು ಮಾಡಿ ನೆರಳಲ್ಲೇ ಒಣಗಿಸಿದೆ. ಬಿರುಬಿಸಿಲಿಗೆ ಹಾಕಿದ ಒಂದು ರಾಶಿ ಬೇಗ ಒಣಗಿತು, ಆದರೆ ಘಾಟು ಅರ್ಧವಾಗಿತ್ತು. ಕೊಳ್ಳುವವರು ಮೂಗಿನಿಂದಲೇ ಬೆಲೆ ಕಟ್ಟುತ್ತಾರೆ. ಒಣಗಿದ್ದನ್ನು ಗೋಣಿಚೀಲದಲ್ಲಿ ಹಾಕಿ ಇಬ್ಬರು ಎಳೆದಾಡಿ ತಿಕ್ಕಿದರೆ ನಾರುಬೇರೆಲ್ಲ ಉದುರುತ್ತದೆ. ಹಸಿಯದು ಒಣಗಿ ಮೂರರಲ್ಲೊಂದು ಪಾಲು ಉಳಿಯಿತು. ಕೆಜಿಗೆ 50ರ ಆಸುಪಾಸು ಸಿಕ್ಕಿತು, ಕೂಲಿಗೀಲಿ ಕಳೆದು ಕೈಗೆ 30 ಸಾವಿರಕ್ಕೆ ಮೇಲೆ ಉಳಿಯಿತು. ಆ ಜಾಗದಲ್ಲಿ ಭತ್ತ ಇಷ್ಟು ಕೊಟ್ಟಿದ್ದೇ ಇಲ್ಲ.

ಉದುರಿದ ಪುಡಿಯಲ್ಲಿ ಒಂದಿಷ್ಟನ್ನು ಬಿತ್ತನೆ ಅಲಸಂದೆಗೆ ಬೆರೆಸಿಟ್ಟಿದ್ದೆ. ಆರು ತಿಂಗಳಾದರೂ ಹುಳ ಬೀಳಲಿಲ್ಲ, ಮೊಳಕೆಯೂ ಚೆನ್ನಾಗಿ ಬಂತು. ಪುಡಿ ಬೆರೆಸದೆ ಪಕ್ಕದ ಡಬ್ಬದಲ್ಲಿಟ್ಟ ಕಾಳು ತೂತುಬಿದ್ದಿತ್ತು. ತಿನ್ನುವ ಕಾಳಿಗೆ ಮಾತ್ರ ನಾನು ಬೆರೆಸುವುದಿಲ್ಲ. ಬಜೆ ಎಣ್ಣೆಯಲ್ಲಿರುವ ಬೀಟಾ ಅಸರೋನ್ ಎಂಬ ಹಾನಿಕಾರಕ ರಾಸಾಯನಿಕದ ಕಾರಣಕ್ಕೆ ಅಮೆರಿಕದಲ್ಲಿ 1968ರಿಂದ ಇದನ್ನು ಆಹಾರಕ್ಕೆ ಸೇರಿಸುವಂತಿಲ್ಲ. ಬದನೆ ಗಿಡಕ್ಕೆ ಎಲೆಯ ರಸ ಸಿಂಪಡಿಸಿಯೂ ನೋಡಿದೆ, ಕಾಯಿಕೊರಕ ಜಗ್ಗಲಿಲ್ಲ. ಈ ಸಲ ಗೆಡ್ಡೆಯ ಕಷಾಯ ಹೊಡೆದು ನೋಡಬೇಕು.