ಫ್ಯಾಟಿ ಲಿವರ್ ಇದ್ದವರು ಮೊದಲು ಲೋಟದ ಸಿಹಿ ಬಿಡಿ

ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ಕೊಬ್ಬು ಸೇರಿಕೊಂಡಿದೆ ಅಂತ ಬಂದಿದ್ದರೆ ಒಗ್ಗರಣೆಯ ಎಣ್ಣೆಗೆ ಕತ್ತರಿ ಹಾಕುವ ಮೊದಲು ಕುಡಿಯುವ ಸಿಹಿ ನಿಲ್ಲಿಸಿ. ಮುರುಗಲು (ಕೋಕಂ) ಶರಬತ್ತಿಗೆ ಸಕ್ಕರೆ ಬದಲು ಚೂರು ಉಪ್ಪು, ಹುರಿದ ಜೀರಿಗೆ ಪುಡಿ, ಚಿಟಿಕೆ ಕಾಳುಮೆಣಸು ಹಾಕಿ. ಬಣ್ಣ ಅದೇ ಕಡುಗೆಂಪು, ಹುಳಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಬೆಲ್ಲ ಹಾಕದ ಅಪ್ಪೆಹುಳಿಯೂ (ಮಾವಿನಕಾಯಿಯ ತೆಳು ಸಾರು) ಆದೀತು. ಯಾಕೆಂದರೆ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಇಡೀ ಮೈ ಬಳಸಿಕೊಳ್ಳುತ್ತದೆ. ಜಾಸ್ತಿ ಫ್ರಕ್ಟೋಸ್ ಒಟ್ಟಿಗೇ ಬಂದರೆ ಅದರ ಹೆಚ್ಚಿನ ಹೊರೆ ಲಿವರ್ ಮೇಲೆ. ಅಲ್ಲಿ ಒಂದಷ್ಟು ಕೊಬ್ಬಾಗುತ್ತದೆ, ಅದೂ ಮುಖ್ಯವಾಗಿ ಪಾಮಿಟಿಕ್ ಆಮ್ಲ. ತುಪ್ಪ, ಪಾಮೆಣ್ಣೆಯಲ್ಲಿ ಇರುವಂಥದ್ದೇ ಸ್ಯಾಚುರೇಟೆಡ್ ಕೊಬ್ಬು! ಹೀಗೆ ಹೊಸ ಕೊಬ್ಬು ಕಟ್ಟುವಾಗ ಲಿವರ್ ಹಳೆಯದನ್ನು ಉರಿಸುವುದೂ ಕಮ್ಮಿಯಾಗುತ್ತದೆ. ಎಣ್ಣೆ ಬಿಟ್ಟರೂ ಕೆಲವರಿಗೆ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಇಳಿಯದಿರುವುದಕ್ಕೆ ಇದೂ ಒಂದು ಕಾರಣ. ಜೋನಿ ಬೆಲ್ಲ, ಜೇನುತುಪ್ಪ, ಆಲೆಮನೆಯ ಕಬ್ಬಿನ ಹಾಲು ಇದಕ್ಕೆ ಹೊರತಲ್ಲ (ನಮ್ಮ ಸಾಗರ, ಹೊಸನಗರದ ಕಡೆಯವರಿಗೆ ಬೇಜಾರಾಗುತ್ತೆ, ಗೊತ್ತು). ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಇಂಥ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ 6 ಟೀ ಚಮಚದ ಒಳಗಿದ್ದರೆ ಒಳ್ಳೆಯದು. ಕಾಫಿ, ಬಿಸ್ಕತ್ತು, ಜೇನು, ಜ್ಯೂಸು ಎಲ್ಲಾ ಸೇರಿ. ಇಡೀ ಹಣ್ಣು ತಿನ್ನುವುದಕ್ಕೆ ತೊಂದರೆ ಇಲ್ಲ, ನಾರಿನಿಂದಾಗಿ ಅದರ ಸಕ್ಕರೆ ನಿಧಾನಕ್ಕೆ ಹೋಗುತ್ತದೆ. ಸಕ್ಕರೆ ಬಿಟ್ಟು ಅನ್ನ, ಕಡುಬು ಜಾಸ್ತಿ ಬಡಿಸಿಕೊಂಡರೆ, ಅಥವಾ ಕುಡಿತ ಮುಂದುವರಿದರೆ ಈ ಉಪಾಯ ನಡೆಯಲ್ಲ. ಬಿಪಿ, ಕಿಡ್ನಿ ತೊಂದರೆ ಇದ್ದವರು ಉಪ್ಪನ್ನೂ ಬಿಡಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ಸಿಹಿ ಕಮ್ಮಿ ಮಾಡಿ, ಶುಗರ್ ದಿಢೀರ್ ಇಳಿಯಬಹುದು.