ಪಿಯು ಮಕ್ಕಳ ಕಾಲೇಜು ಅರ್ಜಿ: ಕೊಡಗಿಗೆ ಹೊಸದಾಗಿ ಬಂದವರಿಗೆ

ವರ್ಗವಾಗಿ ಮಡಿಕೇರಿಗೋ ಕುಶಾಲನಗರಕ್ಕೋ ಬಂದ ಅಪ್ಪ ಅಮ್ಮಂದಿರು ನಮ್ಮ ಸಂಘದಲ್ಲಿ ಕೇಳುವ ಮಾತು ಇದು: "ಮಗಳು ಫಸ್ಟ್ ಪಿಯು. ಒಳ್ಳೆಯ ಕಾಲೇಜಿಗೆ ಹೋಗಬೇಕು ಅಂತ ಆಸೆ. ಇಲ್ಲಿ ದಾರಿ ತೋರಿಸುವವರು ಯಾರಿದ್ದಾರೆ? ಬೆಂಗಳೂರಲ್ಲೇ ಇರಬೇಕಿತ್ತಾ?" ಹಾಗೇನೂ ಇಲ್ಲ. ಕೊಡಗಿನಲ್ಲಿ ಇದ್ದುಕೊಂಡೇ ಗಟ್ಟಿಯಾದ ಅರ್ಜಿ ಹಾಕಬಹುದು. ಆದರೆ ಸೆಕೆಂಡ್ ಪಿಯು ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಈಗಲೇ ಶುರು ಮಾಡಿ.

ಮೊದಲು, ಯಾವ ಕಾಲೇಜು ಏನು ನೋಡುತ್ತದೆ ಅಂತ ತಿಳಿದುಕೊಳ್ಳಿ. ವಿಜ್ಞಾನ ಓದಿಸುವ ಕೇಂದ್ರದ ಸಂಸ್ಥೆಗಳಾದ ಐಐಎಸ್‌ಇಆರ್‌ಗೆ ಅದರದೇ ಆಪ್ಟಿಟ್ಯೂಡ್ ಟೆಸ್ಟ್. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಎಂಬ ಕಾನೂನು ಪ್ರವೇಶ ಪರೀಕ್ಷೆ. ದೆಹಲಿ ವಿಶ್ವವಿದ್ಯಾಲಯದ ಪದವಿಗೆ 2022ರಿಂದ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ. ಇಂಥ ಕಡೆ ಪರೀಕ್ಷೆಯ ಅಂಕವೇ ಮಾತಾಡುತ್ತದೆ, ಪ್ರಮಾಣಪತ್ರದ ಕಟ್ಟು ಹಿಡಿದುಕೊಂಡು ಹೋದರೆ ಪ್ರಯೋಜನವಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಯ ಜೊತೆ ಸಂದರ್ಶನವೂ ಉಂಟು. ಹರಿಯಾಣದ ಅಶೋಕ ವಿಶ್ವವಿದ್ಯಾಲಯ ಪ್ರಬಂಧವನ್ನೂ ಕೇಳುತ್ತದೆ. ಅಮೆರಿಕದ ಕಾಲೇಜುಗಳು ಅಂಕ, ಪ್ರಬಂಧ, ಮೇಷ್ಟ್ರ ಪತ್ರ, ಮಗು ತರಗತಿಯ ಹೊರಗೆ ಮಾಡಿದ ಕೆಲಸ, ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುತ್ತವೆ. ಮುಂದೆ ಬರೆದಿರುವುದು ಹೆಚ್ಚಾಗಿ ಈ ಕೊನೆಯ ಬಗೆಯ ಅರ್ಜಿಗಳ ಬಗ್ಗೆ.

ತರಗತಿಯ ಹೊರಗೆ ಮಾಡಿದ್ದು

ಅಮೆರಿಕದ ನೂರಾರು ಕಾಲೇಜುಗಳು ಒಪ್ಪುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಚಟುವಟಿಕೆಗಳಿಗೆ 10 ಜಾಗ ಇದೆ. ಹತ್ತನ್ನೂ ತುಂಬಿಸಲೇಬೇಕು ಅಂತಿಲ್ಲ. ಎರಡು ವರ್ಷ ಬಿಡದೆ ಮಾಡಿದ ಒಂದೇ ಕೆಲಸಕ್ಕೆ, ಎರಡು ದಿನದ ಹತ್ತು ಶಿಬಿರಗಳಿಗಿಂತ ತೂಕ ಜಾಸ್ತಿ.

ಆ ಕೆಲಸ ಹುಡುಕಲು ದೂರ ಹೋಗಬೇಕಿಲ್ಲ. ಇಲ್ಲಿನ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ಅಭ್ಯಾಸ ಇದೆ. ಬೆಳಿಗ್ಗೆ ಮಾಪಕದ ನೀರು ನೋಡಿ, ಇಂಚು ಸೆಂಟು (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲಿ ಪುಸ್ತಕಕ್ಕೆ ಇಳಿಸುತ್ತಾರೆ. ವಿಜ್ಞಾನ ಓದುವ ಮಗು ಅಕ್ಕಪಕ್ಕದ ಎರಡು ಮೂರು ತೋಟದವರನ್ನು ಕೇಳಿ, ಆ ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಬಹುದು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಯಾವ ವರ್ಷ ಯಾವಾಗ ಬಂತು, ಆಮೇಲಿನ ಮಳೆ ಎಷ್ಟು ದಿನ ತಡವಾಯಿತು, ಆ ವರ್ಷ ಫಸಲು ಹೇಗಿತ್ತು ಅಂತ ಹೋಲಿಸಿ ನೋಡಬಹುದು. ಪುಸ್ತಕದಲ್ಲಿ ಕೆಲವು ದಿನ ಖಾಲಿ ಇರುತ್ತದೆ. ಅದನ್ನು ಅಂದಾಜಿನ ಮೇಲೆ ತುಂಬಿಸುವಂತಿಲ್ಲ, ಖಾಲಿ ಅಂತಲೇ ಬರೆಯಬೇಕು. ಮಗು ಇದನ್ನು ಕಲಿತರೆ ಸಂಶೋಧನೆಯ ಮೊದಲ ಪಾಠ ಆಯಿತು. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ. ಇಂಥ ಕೆಲಸ ಕೈಯಲ್ಲಿದ್ದರೆ ಅಲ್ಲಿ ಹೋಗಿ ಕೇಳಲು ಮಗುವಿಗೆ ಒಂದು ಪ್ರಶ್ನೆಯಾದರೂ ಇರುತ್ತದೆ.

ವಿಜ್ಞಾನ ಬೇಡ ಅನ್ನುವ ಮಗು ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲು ಮನೆಗಳು) ಮಕ್ಕಳಿಗೆ ಸಂಜೆ ಓದು ಕಲಿಸಲಿ. ಯಾರಿಗೆ ಯಾವ ಅಕ್ಷರ ತೊಡಕಾಯಿತು ಅಂತ ಬರೆದಿಡಲಿ. ಮನೆಯಲ್ಲಿ ಅಜ್ಜಿಯನ್ನು ನೋಡಿಕೊಳ್ಳುವುದು, ಕೊಯ್ಲಿನ ಹೊತ್ತಿಗೆ ಕಣದಲ್ಲಿ ಕಾಫಿ ಹರವುವುದು, ಅಂಗಡಿಯ ಲೆಕ್ಕ ಬರೆಯುವುದು, ಇವೂ ಲೆಕ್ಕಕ್ಕೆ ಬರುತ್ತವೆ. ಕಾಮನ್ ಆ್ಯಪ್ ಅರ್ಜಿಯಲ್ಲಿ ಮನೆಯ ಜವಾಬ್ದಾರಿಗೆ, ಸಂಬಳದ ಕೆಲಸಕ್ಕೆ ಬೇರೆ ಬೇರೆ ವಿಭಾಗಗಳೇ ಇವೆ. ನಮ್ಮವರು ಇದನ್ನು ಹೇಳಿಕೊಳ್ಳಲು ನಾಚುತ್ತಾರೆ. ದಯವಿಟ್ಟು ಬಿಡಬೇಡಿ, ಬರೆಯಿರಿ.

ದುಡ್ಡು ಕೊಟ್ಟರೆ ಮಗುವಿನ ಹೆಸರಲ್ಲಿ ಸಂಶೋಧನಾ ಲೇಖನ ಅಚ್ಚು ಹಾಕಿಸುತ್ತೇವೆ ಅನ್ನುವವರು ಫೋನ್ ಮಾಡಬಹುದು. ಒಪ್ಪಬೇಡಿ. ದುಡ್ಡೂ ಹೋಗುತ್ತದೆ, ಸಂದರ್ಶನದಲ್ಲಿ ನಾಲ್ಕು ಪ್ರಶ್ನೆ ಕೇಳಿದರೆ ಮಗು ಸಿಕ್ಕಿಬೀಳುತ್ತದೆ.

ಮೇಷ್ಟ್ರ ಪತ್ರ

ಎಷ್ಟೋ ಒಳ್ಳೆಯ ಅರ್ಜಿಗಳು ಸಪ್ಪೆಯಾಗುವುದು ಇಲ್ಲಿ. "ಈ ವಿದ್ಯಾರ್ಥಿಯ ನಡತೆ ಉತ್ತಮ, ಶ್ರಮಜೀವಿ" ಅಂತ ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು ಬಂದರೆ ಓದುವವರಿಗೆ ಮಗುವಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಅದರ ಬದಲು ಹೀಗಿದ್ದರೆ ನೋಡಿ: "ಲ್ಯಾಬಿನಲ್ಲಿ ಲೋಲಕದ ಲೆಕ್ಕ ತಾಳೆಯಾಗಲಿಲ್ಲ. ಉಳಿದವರು ಪುಸ್ತಕದ ಉತ್ತರ ಬರೆದು ಹೊರಟರು. ಇವಳು ದಾರದ ಉದ್ದ ಮತ್ತೆ ಅಳೆದಳು, ಗಂಟಿನಿಂದ ಅಳೆದದ್ದೇ ತಪ್ಪು ಅಂತ ಕಂಡುಹಿಡಿದಳು." ಹುಡುಗಿ ಕಣ್ಣ ಮುಂದೆ ಬರುತ್ತಾಳೆ, ಅಲ್ವಾ?

ನಮ್ಮ ಉಪನ್ಯಾಸಕರಿಗೆ ಇಂಥ ಪತ್ರ ಬರೆದು ಅಭ್ಯಾಸ ಕಡಿಮೆ, ತರಗತಿಗಳೂ ಜಾಸ್ತಿ. ಹೊಸ ಕಾಲೇಜಿಗೆ ಸೇರಿದ ಮಗುವಿನ ಪರಿಚಯವೂ ಅವರಿಗೆ ಇರುವುದಿಲ್ಲ. ಹಾಗಾಗಿ ಮಗುವೇ ಮೊದಲ ವರ್ಷದಿಂದ ಪಾಠ ಮುಗಿದ ಮೇಲೆ ಹೋಗಿ ಮಾತಾಡಲಿ, ಅನುಮಾನ ಕೇಳಲಿ. ಪತ್ರ ಬೇಕಾದಾಗ, ತಾನು ಅವರ ತರಗತಿಯಲ್ಲಿ ಮಾಡಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಲಿ. ಕಡೇ ದಿನಕ್ಕೆ ಎರಡು ತಿಂಗಳು ಮೊದಲೇ ಕೇಳಬೇಕು. ಕಾಮನ್ ಆ್ಯಪ್‌ನಲ್ಲಿ ಮೇಷ್ಟ್ರ ಇಮೇಲಿಗೆ ಒಂದು ಲಿಂಕ್ ಬರುತ್ತದೆ, ಅದರ ಮೂಲಕ ಅವರೇ ಪತ್ರ ಹಾಕಬೇಕು. ಅರ್ಜಿಯಲ್ಲಿ ಕಾಲೇಜಿನ ಕೌನ್ಸೆಲರ್ ತುಂಬಬೇಕಾದ ಭಾಗವೂ ಇದೆ. ಕೌನ್ಸೆಲರ್ ಇಲ್ಲದ ಕಾಲೇಜಿನಲ್ಲಿ ಅದನ್ನು ಪ್ರಿನ್ಸಿಪಾಲರೇ ತುಂಬಬಹುದು. ಅವರ ಜೊತೆ ಕೂತು ಆ ಪುಟ ಒಮ್ಮೆ ತೋರಿಸಿ.

ಪ್ರಬಂಧ

ಕಾಮನ್ ಆ್ಯಪ್ ಪ್ರಬಂಧ 650 ಪದ ಮೀರುವಂತಿಲ್ಲ. ಮಗು ಮೊದಲು ಕನ್ನಡದಲ್ಲೇ ಬಾಯಿಬಿಟ್ಟು ಹೇಳಲಿ, ನೀವು ಕೇಳಿಸಿಕೊಳ್ಳಿ. ಊರು ಬದಲಾದದ್ದು, ಬೆಂಚಿನ ಗೆಳತಿಯಿಂದ ಇಲ್ಲಿನ ಮಾತುಗಳಾದ ಕೊಡವ ತಕ್ಕೋ ಅರೆಭಾಷೆಯೋ ಕಲಿತದ್ದು ಕೂಡ ಬರೆಯಬಹುದಾದ ವಿಷಯವೇ. ಎಐಗೆ ಬರೆಯಲು ಬಿಡಬೇಡಿ. ಮಗು ಬರೆದದ್ದನ್ನು ನೀವು ತಿದ್ದಿ ತಿದ್ದಿ ದೊಡ್ಡವರ ಮಾತು ಮಾಡಲೂ ಬೇಡಿ.

ಕಾಗದ, ತಾರೀಕು, ಮಳೆ

ಊರು ಬಿಡುವಾಗ ಹಳೆಯ ಶಾಲೆಯಿಂದ ಒಂಬತ್ತನೇ ತರಗತಿಯ ಅಂಕಪಟ್ಟಿ ತಂದಿರಾ? ಅಮೆರಿಕದ ಅರ್ಜಿಗೆ ಒಂಬತ್ತರಿಂದಲೇ ಅಂಕ ಬೇಕು. ಜೊತೆಗೆ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಆಯಾ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿಡಿ. ಸಿಇಟಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಗೆ ಅದು ಬೇಕಾಗುತ್ತದೆ. ಸಿಇಟಿಯನ್ನು ಯಾವ ಕಾರಣಕ್ಕೂ ಕೈಬಿಡಬೇಡಿ. ಪಾಸ್‌ಪೋರ್ಟಿಗೆ ಹೊಸ ವಿಳಾಸದ ದಾಖಲೆ ಸಿಕ್ಕ ಕೂಡಲೇ ಅರ್ಜಿ ಹಾಕಿ.

ಅಮೆರಿಕದ ಅನೇಕ ಕಾಲೇಜುಗಳಿಗೆ ಮೊದಲ ಸುತ್ತಿನ ಗಡುವು ನವೆಂಬರ್ 1, ಎರಡನೆಯದು ಜನವರಿ ಮೊದಲ ದಿನಗಳು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮರ ಬಿದ್ದು ಕರೆಂಟು ಹೋಗುತ್ತದೆ, ನೆಟ್‌ವರ್ಕ್ ನಂಬುವಂತಿಲ್ಲ. ಆದ್ದರಿಂದ ಪ್ರಬಂಧದ ಮೊದಲ ಕರಡು ಮೇ ತಿಂಗಳಲ್ಲೇ ಮುಗಿಯಲಿ. ಅಮೆರಿಕದ ಕಾಲೇಜುಗಳಿಗೆ ಬರೆಯುವ ಎಸ್‌ಎಟಿ ಪರೀಕ್ಷೆ ಬರೆಯುವುದಾದರೆ ಆಗಸ್ಟ್ ಬೇಡ, ಅದಕ್ಕೆ ಮೊದಲೇ ಬರೆದುಬಿಡಿ. ಜಿಲ್ಲೆಗೆ ರೈಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಬಂದ್ ಆಗಿತ್ತು. ಪರೀಕ್ಷೆಗೆ ಘಟ್ಟ ಇಳಿಯುವುದಿದ್ದರೆ ಹಿಂದಿನ ದಿನವೇ ಹೊರಡಿ.

ದುಡ್ಡಿನ ಮಾತು ಮೊದಲೇ ಆಡಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಹೊರದೇಶದ ಮಕ್ಕಳನ್ನೂ ಹಣಕಾಸು ನೋಡದೆ ಆರಿಸುತ್ತವೆ, ಆಮೇಲೆ ಬೇಕಾದಷ್ಟು ನೆರವು ಕೊಡುತ್ತವೆ. ಅಲ್ಲಿ ಸೀಟು ಸಿಗುವುದು ಬಹಳ ಕಷ್ಟ. ಹೆಚ್ಚಿನ ಕಾಲೇಜುಗಳಲ್ಲಿ ನೆರವು ಕೇಳಿದರೆ ಆಯ್ಕೆಯ ಮೇಲೂ ಪರಿಣಾಮ ಆಗುತ್ತದೆ. ಅಜೀಂ ಪ್ರೇಮ್‌ಜಿ, ಅಶೋಕ ಎರಡರಲ್ಲೂ ಮನೆಯ ಆದಾಯ ನೋಡಿ ಕೊಡುವ ನೆರವು ಇದೆ. ಅರ್ಜಿ ಶುಲ್ಕ ಕಟ್ಟುವುದು ಕಷ್ಟವಾದರೆ ಮನ್ನಾ ಮಾಡಿ ಅಂತ ಕಾಲೇಜಿಗೆ ಬರೆದು ಕೇಳಿ. ಆ ಇಮೇಲ್ ಬರೆಯಲು, ಪ್ರಬಂಧ ಓದಿ ಅಭಿಪ್ರಾಯ ಹೇಳಲು ಜನ ಬೇಕಿದ್ದರೆ ಸಂಘದಲ್ಲಿ ತಿಳಿಸಿ. ಬರುವಾಗ ಮಗುವನ್ನೂ ಕರೆದುಕೊಂಡು ಬನ್ನಿ.